ಬೂದು ಬಣ್ಣದ ಬಟನ್

"ನಾನೇ ಒತ್ತಿಬಿಡ್ತೀನಿ, ಕೊಡು ಇಲ್ಲಿ," ಎಂದು ಗಂಡ ಟ್ರೋಲ್ಸ್ ಕೈ ಚಾಚಿದ. ಮಾರೆನ್ ಫೋನನ್ನು ಎದೆಗೆ ಒತ್ತಿಕೊಂಡು ಕುರ್ಚಿಯನ್ನೇ ಹಿಂದಕ್ಕೆ ಸರಿಸಿದಳು.

ಪರದೆಯ ಮೇಲೆ ಎರಡು ಬಟನ್‌ಗಳಿದ್ದವು. ದೊಡ್ಡದು, ಹಸಿರು: 'ಹೌದು, ನನ್ನ ಮಗುವಿಗೆ ಒಳ್ಳೆಯದೇ ಬೇಕು.' ಅದರ ಕೆಳಗೆ, ಕಣ್ಣು ಕಿರಿದು ಮಾಡಿ ಹುಡುಕಬೇಕಾದಷ್ಟು ಸಣ್ಣದು, ಬೂದು: 'ಬೇಡ, ನನ್ನ ಮಗುವಿಗೆ ಹೇಗಿದ್ದರೂ ನಡೆಯುತ್ತದೆ.' ಆನ್‌ಲೈನ್ ಅಂಗಡಿಯ ಬುಟ್ಟಿಯಿಂದ ಆ ಮಗುವಿನ ಗಾಡಿಯನ್ನು ತೆಗೆಯಬೇಕೆಂದರೆ ಬೂದು ಬಟನ್ ಒತ್ತಲೇಬೇಕು. ಬೇರೆ ದಾರಿಯೇ ಇಟ್ಟಿರಲಿಲ್ಲ, ಪುಣ್ಯಾತ್ಮರು.

ಮಗು ಹೋಗಿ ಮೂರು ತಿಂಗಳಾಗಿತ್ತು.

ತಪ್ಪು ಶುರುವಾದದ್ದು ಮೇ ತಿಂಗಳಲ್ಲಿ. ಮಗು ಹುಟ್ಟುವ ಮುಂಚೆ ಗಾಡಿ ಹೊಸಿಲು ದಾಟಬಾರದು ಎಂದು ಟ್ರೋಲ್ಸನ ತಾಯಿ ಗುದ್ರುನ್ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು. ಪಶ್ಚಿಮ ಕರಾವಳಿಯ ಮೀನುಗಾರರ ಊರಿನವಳು. ಅವಳ ಕಾಲದಲ್ಲಿ ಅಂಗಡಿಯವನಿಗೆ ಹೇಳಿದರೆ ಸಾಕಿತ್ತಂತೆ, ಗಾಡಿಯನ್ನು ಹಿಂದಿನ ಕೋಣೆಯಲ್ಲಿ ಎತ್ತಿಟ್ಟು, ಹೆರಿಗೆಯಾದ ಸುದ್ದಿ ತಿಳಿದ ಮೇಲೆ ತಾನೇ ತಂದು ಕೊಡುತ್ತಿದ್ದನಂತೆ. ಮಾರೆನ್ ಓಡೆನ್ಸೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಮೀರುವ ಧೈರ್ಯವಾಗಲಿಲ್ಲ. ಗಾಡಿಯನ್ನು ಕೊಳ್ಳದೆ ಬುಟ್ಟಿಯಲ್ಲಿಟ್ಟಳು. ಆ ಬುಟ್ಟಿಯೂ ಅಂಗಡಿಯವನ ಹಿಂದಿನ ಕೋಣೆಯ ಹಾಗೆ ಎಂದುಕೊಂಡಳು. ಹೆರಿಗೆಯ ದಿನ ಯಾವುದು ಎಂದು ಪರದೆ ಕೇಳಿತು. ನವೆಂಬರ್ ಹನ್ನೊಂದು ಎಂದು ಬರೆದಳು. ಈ ದೇಶದವರು ನಾವು ಹಾಗೆಯೇ, ರಸ್ತೆ ಬದಿಯಲ್ಲಿ ಯಾರೂ ಕಾಯದ ಆಲೂಗಡ್ಡೆ ಚೀಲಕ್ಕೂ ಡಬ್ಬಿಗೆ ದುಡ್ಡು ಹಾಕಿ ಹೋಗುವ ಜನ. ಅಂಗಡಿಯವನು ಕೇಳಿದರೆ ಹೇಳಿಬಿಡುತ್ತೇವೆ.

ಆದರೆ ಈ ಅಂಗಡಿಗೆ ಅವಳು ಕಾಯುತ್ತಿದ್ದಾಳೆಂದು ಅನ್ನಿಸಲಿಲ್ಲ. ಹಿಂದೆ ಮುಂದೆ ನೋಡುತ್ತಿದ್ದಾಳೆ ಎನ್ನಿಸಿತು. ಬೆನ್ನು ಹತ್ತಿತು. 'ಎರಡೇ ಉಳಿದಿವೆ.' 'ಈಗ ಮೂವತ್ತೊಂದು ಜನ ಇದೇ ಗಾಡಿಯನ್ನು ನೋಡುತ್ತಿದ್ದಾರೆ.' ಜೊತೆಗೆ ಕೆಂಪು ಅಂಕಿಗಳ ಗಡಿಯಾರ, ಕಾಲು ಗಂಟೆಯಿಂದ ಹಿಂದಕ್ಕೆ ಓಡುವುದು. ಮಾರೆನ್ ಮೋಸ ಹೋಗಲಿಲ್ಲ. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು: ಕಾಲು ಗಂಟೆ ಮುಗಿದದ್ದೇ ಗಡಿಯಾರ ಮತ್ತೆ ಕಾಲು ಗಂಟೆಗೆ ಹೋಗಿ ಕೂತಿತು. ಆ ಮೂವತ್ತೊಂದು ಜನ ಬೆಳಗ್ಗೆ ಐದಕ್ಕೂ ಇದ್ದರು, ಮಧ್ಯಾಹ್ನ ಊಟದ ಹೊತ್ತಿಗೂ ಇದ್ದರು. ಪಾಪ, ಇವರಿಗೆ ನಿದ್ದೆಯೇ ಇಲ್ಲವಾ ಎಂದು ಜೊತೆಯವರಿಗೆ ತೋರಿಸಿ ನಕ್ಕಿದ್ದಳು. ಆಗ ನಗುವುದು ಸುಲಭವಿತ್ತು.

ಜೂನ್‌ನಲ್ಲಿ, ಹತ್ತೊಂಬತ್ತನೇ ವಾರಕ್ಕೆ, ಎಲ್ಲ ಮುಗಿಯಿತು. ಇಪ್ಪತ್ತೆರಡು ವಾರ ತುಂಬದ ಕೂಸಿಗೆ ಕಾಗದ ಪತ್ರ ಇಲ್ಲ, ಯಾವ ದಫ್ತರದಲ್ಲೂ ಹೆಸರಿಲ್ಲ. ಆಸ್ಪತ್ರೆಯವರು ಒಳ್ಳೆಯವರೇ. ಕ್ಲಿನಿಕ್ಕಿನವರು ಒಮ್ಮೆ ವಿಚಾರಿಸಿ ಸುಮ್ಮನಾದರು. ಗುದ್ರುನ್ ಆ ಮಾತನ್ನೇ ಎತ್ತಲಿಲ್ಲ. ಅಂಗಡಿ ಮಾತ್ರ ಪ್ರತಿ ಮಂಗಳವಾರ ತಪ್ಪದೆ ಇಮೇಲ್ ಪತ್ರ ಕಳಿಸಿತು. 'ಇಪ್ಪತ್ತಾರನೇ ವಾರ: ಪುಟಾಣಿಗೆ ಈಗ ನಿಮ್ಮ ದನಿಯ ಗುರುತು ಹತ್ತಿದೆ. ಗಾಡಿ ಬುಟ್ಟಿಯಲ್ಲೇ ಕಾಯುತ್ತಿದೆ!'

"ಬಟನ್ ಒತ್ತಲ್ಲ ಅಂತೀಯ, ಸರಿ," ಎಂದ ಟ್ರೋಲ್ಸ್. ಅರ್ಧ ತಿಂದ ರೈ ಬ್ರೆಡ್ಡನ್ನು ತಟ್ಟೆಗೆ ಎಸೆದಿದ್ದ. "ಆ ಪತ್ರಾನಾದ್ರೂ ತಡೀಬಹುದಲ್ಲ? ಎರಡು ಕ್ಷಣದ ಕೆಲಸ. ಯಾಕೆ ತಡೆಯಲ್ಲ ಹೇಳ್ಲಾ? ನಿಂಗೆ ಅದು ನಿಲ್ಲೋದೇ ಬೇಡ."

ಇಂಥ ಮಾತನ್ನು ಇವನೇ ಆಡಬೇಕಿತ್ತೇ ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಸೋಮವಾರ ರಜೆ ಹಾಕಿ, ಅಂಗಡಿಯ ಜಾಲತಾಣದ ತಳದಲ್ಲಿದ್ದ ವಿಳಾಸ ಹಿಡಿದು, ಎದುರುಗಾಳಿಯಲ್ಲಿ ಒಂಬತ್ತು ಕಿಲೋಮೀಟರ್ ಸೈಕಲ್ ತುಳಿದಳು. ಊರಾಚೆ, ಟೈರಿನ ಅಂಗಡಿಗಳ ನಡುವೆ ತಗಡಿನ ಕಟ್ಟಡ. ಒಳಗೆ ಕಾಫಿ ಯಂತ್ರ, ಉಪ್ಪು ಲಿಕೋರಿಸ್ ಮಿಠಾಯಿಯ ಬೋಗುಣಿ. ಗ್ರಾಹಕರು ಇಲ್ಲಿಗೆ ಬರುವ ಪದ್ಧತಿಯೇ ಇರಲಿಲ್ಲವಾದ್ದರಿಂದ ಅವಳನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಎಸ್ಬೆನ್ ಎಂಬವನು ಬಂದ. ಮೂವತ್ತರ ಆಸುಪಾಸು, ಕಾಲುಚೀಲದಲ್ಲೇ ಓಡಾಡುತ್ತಿದ್ದ. ಜಾಲತಾಣದ ಬರಹವೆಲ್ಲ ತನ್ನ ಜವಾಬ್ದಾರಿ ಎಂದ.

ಅವಳು ಹೇಳಿದ್ದನ್ನು ಕೇಳಿ ಅವನ ಮುಖ ಪೆಚ್ಚಾಯಿತು. ಕ್ಷಮೆ ಕೇಳಿದ, ಕಾಫಿ ಬೇಕೇ ಎಂದ, ಈಗಲೇ ಒಳಗಿನಿಂದ ಅಳಿಸುತ್ತೇನೆ ಎಂದು ಲ್ಯಾಪ್‌ಟಾಪ್ ತೆರೆದ. ಅವಳಿಗೆ ಕಾಫಿ ಬೇಕಿರಲಿಲ್ಲ.

"ಆ ಬೂದು ಬಟನ್ನಿನ ಮಾತು ಬರೆದವರು ಯಾರು?"

"ನಾನೇ. ಅಂದ್ರೆ, ಎರಡು ಥರ ಬರೆದು ಜನರ ಮೇಲೆ ಪ್ರಯೋಗ ಮಾಡಿ ನೋಡಿದ್ವಿ. ಇದನ್ನ ಹಾಕ್ದಾಗ ಗಾಡಿ ಬಿಟ್ಟು ಹೋಗೋರು ಕಮ್ಮಿ ಆದ್ರು."

"ಇನ್ನೊಂದು ಏನಂತ ಇತ್ತು?"

ಎಸ್ಬೆನ್ ಕಿವಿ ತುರಿಸಿಕೊಂಡ. "'ಬುಟ್ಟಿಯಿಂದ ತೆಗೆಯಿರಿ' ಅಂತ."

ಅವನ ಬೆನ್ನ ಹಿಂದೆ ಗಾಜಿನ ಗೋಡೆ, ಅದರಾಚೆ ಗೋದಾಮು. ಅದೇ ನೀಲಿ ಗಾಡಿಯ ಚಿತ್ರವಿದ್ದ ಪೆಟ್ಟಿಗೆಗಳು ಛಾವಣಿ ಮುಟ್ಟುವಂತೆ, ಸಾಲು ಹಿಡಿದು ಪೇರಿಸಿದ್ದವು. ಮಾರೆನ್ ಬೆರಳು ತೋರಿಸಿದಳು.

"ಉಳಿದಿರೋ ಎರಡು ಯಾವುದು?"

ಅವನ ಮುಖ ಕೆಂಪೇರಿದ್ದನ್ನು ನೋಡಿ ಅವಳಿಗೆ ಖುಷಿಯಾಯಿತು, ಮೂರು ತಿಂಗಳಲ್ಲಿ ಮೊದಲ ಖುಷಿ. ಫೋನು ತೆಗೆದು ಅವನ ಮುಂದಿಟ್ಟಳು.

"ಓದಿ. ನಂಗೆ ಕೇಳೋ ಹಾಗೆ ಓದಿ."

"ಬೇಡ," ಎಂದು ಅವನು ಶುರು ಮಾಡಿದ, "ನನ್ನ ಮಗುವಿಗೆ..." ಅಲ್ಲಿಗೆ ನಿಂತಿತು. ಅವಳು ಕಾದಳು. ಕೊನೆಗೆ ಅವನು ಫೋನನ್ನು ಮೆಲ್ಲಗೆ ಅವಳ ಕಡೆ ತಳ್ಳಿ, ಲ್ಯಾಪ್‌ಟಾಪಿನ ಕಡೆ ತಿರುಗಿದ.

ಗ್ರಾಹಕರ ಪಟ್ಟಿಯಲ್ಲಿ ಅವಳ ಸಾಲು ಸಿಕ್ಕಿತು. ಮಾರೆನ್, ಓಡೆನ್ಸೆ, ಮೂವತ್ತೊಂದನೇ ವಾರ.

"ಇದನ್ನ ಅಳಿಸಿದ್ರೆ ವಾರದ ಪತ್ರಾನೂ ನಿಲ್ಲುತ್ತೆ," ಎಂದ ಎಸ್ಬೆನ್. "ಒಂದೇ ಸಲಕ್ಕೆ ಎಲ್ಲಾ ಹೋಗುತ್ತೆ. ಮತ್ತೆ ವಾಪಸ್ ತರಕ್ಕಾಗಲ್ಲ. ಅಳಿಸ್ಲಾ?"

ಇದನ್ನು ಕೇಳಲೆಂದೇ ಅಲ್ಲವೇ ಅವಳು ಅಷ್ಟು ದೂರ ಬಂದದ್ದು. ಆದರೆ ಅವಳು ಆ ಅಂಕಿಯನ್ನೇ ನೋಡಿದಳು. ಮೂವತ್ತೊಂದು ಎಂದು ಅಲ್ಲಿ ಯಾರೂ ಬರೆದಿರಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಏರುತ್ತ ಬಂದಿತ್ತು. ಜಗತ್ತಿನಲ್ಲಿ ಅವಳ ಮಗು ಇನ್ನೂ ಬೆಳೆಯುತ್ತಿದ್ದ ಜಾಗ ಅದೊಂದೇ, ಈ ಸುಳ್ಳುಗಾರರ ತಗಡಿನ ಕಟ್ಟಡ. ಟ್ರೋಲ್ಸ್ ಹೇಳಿದ್ದು ನಿಜವಾಗಿತ್ತು. ಅದಕ್ಕೇ ಅವನ ಮೇಲೆ ಅಷ್ಟು ಸಿಟ್ಟು ಬಂದದ್ದು. ಈಗ ಈ ಎಸ್ಬೆನ್ನನ ಮೇಲೂ ಬಂತು, ತನ್ನ ಮೇಲೂ.

"ಹತ್ತೊಂಬತ್ತು ಅಂತ ಮಾಡಿ," ಎಂದಳು. "ಮೊದ್ಲು ಹತ್ತೊಂಬತ್ತು ಅಂತ ಮಾಡಿ. ಆಮೇಲೆ ಅಳಿಸಿ."

ಅವನು ಮೂವತ್ತೊಂದನ್ನು ಒರೆಸಿ ಹತ್ತೊಂಬತ್ತು ಎಂದು ಒತ್ತಿದ. ಅಂಕಿ ಒಂದು ಕ್ಷಣ ನಿಂತು ಮತ್ತೆ ಮೂವತ್ತೊಂದಾಯಿತು. ಇನ್ನೊಮ್ಮೆ ಒತ್ತಿದ. ಮತ್ತೆ ಮೂವತ್ತೊಂದು.

"ದಿನಾಂಕ ನೋಡ್ಕೊಂಡು ಅದೇ ಎಣಿಸುತ್ತೆ," ಎಂದ, ತಲೆ ತಗ್ಗಿಸಿ. "ನಾವು ಹೇಳಿದ್ರೆ ಕೇಳಲ್ಲ."

"ಸರ್ಕೊಳ್ಳಿ," ಎಂದು ಮಾರೆನ್ ಅವನ ಕೈ ಸರಿಸಿದಳು.

ಅಳಿಸುವ ಬಟನ್ನನ್ನು ತಾನೇ ಒತ್ತಿದಳು. ಸಾಲು ಮಾಯವಾಯಿತು. ಕೆಳಗಿದ್ದ ಸಾಲು ಮೇಲೇರಿ ಆ ಜಾಗದಲ್ಲಿ ಬಂದು ನಿಂತಿತು. ಸಿಗ್ನೆ, ಸ್ವೆಂಡ್‌ಬೋರ್ಗ್, ಹದಿನಾಲ್ಕನೇ ವಾರ.