ಎಡಗೈ ಎತ್ತುವ ಗೊಂಬೆ

“ಆ ವೈರ್ ಮುಟ್ಟಿದ್ರೆ ಚೆನ್ನಾಗಿರಲ್ಲ ದೊಡ್ಡಪ್ಪ. ಕಟಿಂಗ್ ಪ್ಲೇಯರ್ ಕೆಳಗಿಡಿ.”

“ಅಪ್ಪ ಸತ್ತು ಕೂತವ್ನೆ, ನಿನಗೆ ವೈರಿನ ಚಿಂತೆ. ಓದಿಸಿದ್ದಕ್ಕೆ ಇದೇ ಏನೇ ಬುದ್ಧಿ?”

“ಬ್ರೇಕ್ ವೈರ್ ಅದು. ಒಂದ್ಸಲ ಕತ್ತರಿಸಿದ್ರೆ ಎಳೆ ಎಳೆ ಬಿಚ್ಕೊಳುತ್ತೆ. ಮತ್ತೆ ಕಟ್ಟೋರು ಯಾರು? ನೀವು ಕಟ್ತೀರಾ?”

ಬಸವಪ್ರಭು ಪ್ಲೇಯರನ್ನು ಕೆಳಗಿಡಲಿಲ್ಲ, ಕತ್ತರಿಸಲೂ ಇಲ್ಲ. ಅಂಗಳದಲ್ಲಿ ನಿಂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಣಿಗಲ್ಲಿನ ಶಾಲೆಯಲ್ಲಿ ಪಾಠ ಹೇಳುವ ಮಾಲಿನಿ ದೊಡ್ಡಪ್ಪನಿಗೆ ಎದುರು ಮಾತಾಡಿದ್ದನ್ನು ನಿಟ್ಟೂರಿನಲ್ಲಿ ಯಾರೂ ಕೇಳಿರಲಿಲ್ಲ.

ಸತ್ತವನು ಅವಳ ಅಪ್ಪ ಕರಿಸಿದ್ದಪ್ಪ. ಊರಿನಲ್ಲಿ ಮೊಪೆಡ್ ರಿಪೇರಿ ಮಾಡಿಕೊಂಡಿದ್ದವನು. ಹಿಂದಿನ ರಾತ್ರಿ ಎರಡು ಮುದ್ದೆ ಉಂಡು, ಎಂದಿನಂತೆ ಶೆಡ್ಡಿಗೆ ಹೋಗಿದ್ದ. ನೋವು ಅಂದವನಲ್ಲ, ಕೆಮ್ಮಿದವನಲ್ಲ. ಬೆಳಿಗ್ಗೆ ಹೆಂಡತಿ ದಾಕ್ಷಾಯಣಿ ಕಾಫಿ ಲೋಟವನ್ನು ಶೆಡ್ಡಿನ ಬಾಗಿಲಲ್ಲಿಟ್ಟು ಕೂಗಿದಳು. ಉತ್ತರ ಬರಲಿಲ್ಲ. ಇಣುಕಿದರೆ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದ. ಕಣ್ಣು ತೆರೆದಿತ್ತು, ಮೈ ಸೆಟೆದಿತ್ತು. ಎದೆಯ ಹತ್ತಿರ ಮಡಿಸಿದ ಎಡಗೈಯಲ್ಲಿ ಮೊಪೆಡ್ಡಿನ ಒಂದು ಹ್ಯಾಂಡಲ್ ಹಿಡಿ. ಹಿಡಿಯಿಂದ ನಾಲ್ಕಾರು ಬ್ರೇಕ್ ವೈರುಗಳು ಇಳಿದಿದ್ದವು. ಅವುಗಳ ತುದಿಗೆ, ನೆಲದ ಮೇಲೆ ಮುಖ ಅಡಿಯಾಗಿ ಬಿದ್ದ ಒಂದು ಹೆಣ್ಣುಗೊಂಬೆ.

ಕೂತವನನ್ನು ಕೂತ ಹಾಗೆಯೇ ಪ್ಲಾಸ್ಟಿಕ್ ಕುರ್ಚಿಗೆ ಕೂರಿಸಿ ಅಂಗಳಕ್ಕೆ ತಂದರು, ಗೊಂಬೆಯನ್ನೂ ಎತ್ತಿ ತಂದು ಮುಖ ಅಡಿಯಾಗಿಯೇ ಕಾಲಬುಡದಲ್ಲಿ ಮಲಗಿಸಿದರು. ಹೇಗೂ ಕೂತೇ ಗುಣಿಗೆ ಇಳಿಯುವ ಜನ ಅವರು. ಕೂರಿಸುವುದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಎಡಗೈ. ಆ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು, ಮುಷ್ಟಿ ಬಿಚ್ಚುತ್ತಿಲ್ಲ. ಕ್ರಿಯೆ ಮಾಡಲು ಬಂದಿದ್ದ ಅಯ್ಯನವರು ವಿಭೂತಿ ತಟ್ಟೆ ಹಿಡಿದು ಕಾದು ಕಾದು ಜಗಲಿಯ ಮೇಲೆ ಕೂತುಬಿಟ್ಟಿದ್ದರು.

ತುಮಕೂರಿನ ಉಪ್ಪಾರಹಳ್ಳಿಯಿಂದ ಕಾರಿನಲ್ಲಿ ಬಂದ ಬಸವಪ್ರಭು ಸತ್ತವನ ಅಣ್ಣ. ಕೊಬ್ಬರಿ ವ್ಯಾಪಾರಿ, ಮಠದ ಕಮಿಟಿಯಲ್ಲಿದ್ದವನು. ಮೊದಲು ವೈರ್ ಕತ್ತರಿಸಿ ಗೊಂಬೆಯನ್ನು ಆಚೆ ಬಿಸಾಡೋಣ, ಆಮೇಲೆ ನಿಧಾನಕ್ಕೆ ಮುಷ್ಟಿ ಬಿಡಿಸೋಣ ಅನ್ನುವುದು ಅವನ ವಾದ. ಇವತ್ತು ಸಂಜೆ ಕುಣಿಗಲ್ಲಿನಲ್ಲಿ ಯಲ್ಲಯ್ಯನ ಮೇಳದ ಗೊಂಬೆಯಾಟವಿದೆ, ಅಪ್ಪ ಮಾಡಿದ ಗೊಂಬೆ ಮೊದಲ ಸಲ ಪರದೆ ಮುಂದೆ ಬರುವುದಿತ್ತು, ಅದನ್ನು ಹಾಳು ಮಾಡಬೇಡಿ ಅನ್ನುವುದು ಮಾಲಿನಿಯ ವಾದ.

“ನೀನೇ ಹೇಳವ್ವ ಮಗಳಿಗೆ,” ಎಂದ ಬಸವಪ್ರಭು.

ಕಂಬಕ್ಕೆ ಒರಗಿ ಕೂತಿದ್ದ ದಾಕ್ಷಾಯಣಿ ಬೆಳಗಿನಿಂದ ಅತ್ತಿರಲಿಲ್ಲ. ಯಾರ ಮುಖವನ್ನೂ ನೋಡದೆ ಹೇಳಿದಳು. “ಕತ್ತರಿಸಿ ಹಂಡೆ ಒಲೆಗೆ ಹಾಕಿ. ಅದೇನು ಹೊಸದಲ್ಲವಲ್ಲ.”



*

ಮಾಲಿನಿ ಇನ್ನೂ ಪ್ರೈಮರಿಯಲ್ಲಿದ್ದಾಗ ಮಾರ್ಕೋನಹಳ್ಳಿ ಕಡೆಯ ಯಲ್ಲಯ್ಯನ ಮೇಳ ನಿಟ್ಟೂರಿನಲ್ಲಿ ಸೂತ್ರದ ಗೊಂಬೆ ಆಡಿಸಿತ್ತು. ಕರಿಸಿದ್ದಪ್ಪ ಮುಂದೆ ಕೂತು ಕಣ್ಣು ಮಿಟುಕಿಸದೆ ನೋಡಿದ. ಆಟ ಮುಗಿದ ಮೇಲೆ ಪರದೆ ಹಿಂದೆ ಹೋಗಿ, ನನಗೂ ಹೇಳಿಕೊಡಿ ಅಂದ. ಇದು ನಮ್ಮ ಮನೆತನದ ವಿದ್ಯೆ, ಪಂಚರ್ ಹಾಕುವವರಿಗಲ್ಲ ಎಂದು ಯಲ್ಲಯ್ಯ ಬೈದು ಓಡಿಸಿದ.

ಕರಿಸಿದ್ದಪ್ಪ ಸಿಟ್ಟಿನಲ್ಲೇ ಕಲಿಯಲು ಕೂತ. ಹಾಲವಾಣದ ಮರ ತಂದ. ಹಸಿ ಮರವೆಂದು ತಿಳಿಯದೆ ಕೆತ್ತಿದ ಮೊದಲ ತಲೆ ಒಣಗಿ ಹಣೆಯಿಂದ ಗಲ್ಲದವರೆಗೆ ಸೀಳಿತು. ಎರಡನೆಯದರ ಮೂಗು ಉಳಿಯ ಏಟಿಗೆ ಹಾರಿಹೋಯಿತು. ದಾರಗಳು ಗಂಟಾಗಿ ತಲೆ ಕೆಟ್ಟಾಗ, ಕೈಗೆ ಗೊತ್ತಿದ್ದ ಬ್ರೇಕ್ ವೈರನ್ನೇ ಹಾಕಿದ. ಎದುರಿನಿಂದ ಹೇಗೆ ಕಾಣುತ್ತದೆ ಅಂತ ಹೇಳಲು ಜನ ಬೇಕಿತ್ತು. ದಾಕ್ಷಾಯಣಿಯನ್ನು ಕರೆದ. ಮುದ್ದೆ ತೊಳಸೋದು ಬಿಟ್ಟು ನಿಮ್ಮ ಗೊಂಬೆ ಮುಂದೆ ಕೂರಲೇ ಅಂದಳು. ಗುಜರಿಗೆ ಬಿದ್ದ ಮೊಪೆಡ್ಡುಗಳಿಂದ ಎರಡು ಕನ್ನಡಿ ಬಿಚ್ಚಿ ಶೆಡ್ಡಿನ ಗೋಡೆಗೆ ಹೊಡೆದ. ಅವೇ ಅವನ ಪ್ರೇಕ್ಷಕರಾದವು.

ಅಲ್ಲೇ ಎಡವಟ್ಟಾಯಿತು. ಯಲ್ಲಯ್ಯನ ಆಟದಲ್ಲಿ ರಾಜ ಎತ್ತಿದ ಬಲಗೈ, ಎದುರು ಕೂತವನಿಗೆ ಎಡಗಡೆ ಕಂಡಿತ್ತು. ಕನ್ನಡಿಯಲ್ಲೂ ಎತ್ತಿದ ಕೈ ಎಡಗಡೆಗೇ ಕಾಣಬೇಕೆಂದು ಹಠ ಹಿಡಿದು, ವೈರನ್ನು ಗೊಂಬೆಯ ಎಡಗೈಗೆ ಕಟ್ಟಿದ. ಒಂದಕ್ಕಲ್ಲ, ಮಾಡಿದ ಎಲ್ಲ ಗೊಂಬೆಗಳಿಗೂ.

ಶಾಲೆಯ ಮೈದಾನದಲ್ಲಿ ಮೊದಲ ಆಟವಿಟ್ಟ ದಿನ ಬಸವಪ್ರಭು ಮಠದ ಹಿರಿಯರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಶಿವ ಪ್ರತ್ಯಕ್ಷನಾದ. ಭಕ್ತನ ತಲೆಯ ಮೇಲೆ ಎಡಗೈ ಎತ್ತಿ ವರ ಕೊಟ್ಟ. ಹಿಂದಿನಿಂದ ಯಾವನೋ, “ಚೊಂಬು ಹಿಡಿಯೋ ಕೈಲಿ ವರ ಕೊಡ್ತಾವ್ನೆ ಕಣ್ರಲಾ ಶಿವ,” ಅಂದ. ಮೈದಾನವೇ ನಕ್ಕಿತು. ಮಠದವರು ಎದ್ದು ಹೋದರು, ಅವರ ಹಿಂದೆ ಬಸವಪ್ರಭು. ಆಮೇಲೆ ಊರು ಕರಿಸಿದ್ದಪ್ಪನನ್ನು ಎಡಚ ಎಂದೇ ಕರೆಯಿತು. ದಾಕ್ಷಾಯಣಿ ನಲ್ಲಿ ಹತ್ತಿರ ಹೋದರೆ ಹೆಂಗಸರು ಎಡಗೈ ಎತ್ತಿ ತೋರಿಸಿ ನಗುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಅಷ್ಟೂ ಗೊಂಬೆಗಳನ್ನು ಹಂಡೆ ಒಲೆಗೆ ತುರುಕಿದಳು. ಹಾಲವಾಣ ಹಗುರ ಮರ, ಬೇಗ ಉರಿಯಿತು. ಕರಿಸಿದ್ದಪ್ಪ ಬಚ್ಚಲಿಗೆ ಬಂದು ಒಲೆ ನೋಡಿದ. ಆ ನೀರನ್ನೇ ಹುಯ್ದುಕೊಂಡ. ಟವೆಲ್ ಸುತ್ತಿಕೊಂಡು ಹೊರಗೆ ಬಂದವನು, “ನೀರು ಚೆನ್ನಾಗಿ ಕಾದಿದೆ,” ಅಂದ. ಅವತ್ತೂ ಅಷ್ಟೇ, ಆಮೇಲೂ ಅಷ್ಟೇ. ಮತ್ತೆ ಕೆತ್ತಿದ, ಆದರೆ ಗೊಂಬೆ ಮನೆಯೊಳಗೆ ಬರಲಿಲ್ಲ. ಅವಳು ಶೆಡ್ಡಿನೊಳಗೆ ಕಾಲಿಡಲಿಲ್ಲ. ಕಾಫಿ ಮಾತ್ರ ಬಾಗಿಲವರೆಗೆ ಹೋಗುತ್ತಿತ್ತು.

*

ಮಧ್ಯಾಹ್ನದ ಹೊತ್ತಿಗೆ ಒಂದು ಲಗೇಜ್ ಆಟೋ ಬಂದು ಗೇಟಿನಾಚೆ ನಿಂತಿತು. ಮುದುಕ ಯಲ್ಲಯ್ಯ ಇಳಿಯುತ್ತಲೇ ಕೂಗಿಕೊಂಡು ಬಂದ.

“ಏನ್ಲಾ ಎಡಚ, ನಿನ್ನ ಹೆಣ್ಣು ಸಿಂಗಾರ ಆದ್ಳೋ ಇಲ್ವೋ? ಗಂಡಿನ ಕಡೆಯೋರು ಬಂದಿದೀವಿ ಕಣೋ.”

ಗೇಟು ದಾಟಿದ ಯಲ್ಲಯ್ಯ ಜನರನ್ನು ನೋಡಿದ, ಕುರ್ಚಿ ನೋಡಿದ. ನಗುತ್ತಿದ್ದ ಬಾಯಿ ಮುಚ್ಚುವುದಕ್ಕೂ ಮರೆತವನಂತೆ ನಿಂತುಬಿಟ್ಟ. ಆಟೋ ಓಡಿಸಿಕೊಂಡು ಬಂದಿದ್ದ ಮಗ ಗಂಗರಾಜು ಹಿಂದಿನಿಂದ ಅವನ ತೋಳು ಹಿಡಿದ. ನೆನ್ನೆ ಫೋನಿನಲ್ಲಿ ಮಾತಾಡಿದ್ದೆ, ನೆನ್ನೆ ಮಾತಾಡಿದ್ದೆ ಎಂದು ಮುದುಕ ಅದನ್ನೇ ಹೇಳತೊಡಗಿದ.

ಹೊತ್ತು ಇಳಿಯುತ್ತಿದೆ, ಮುಷ್ಟಿ ಆಮೇಲೆ ನೋಡೋಣ, ಮೊದಲು ಮೇಲಕ್ಕೆ ಕೂರಿಸಿ ಎಂದರು ಅಯ್ಯನವರು. ಜಗಲಿಯ ಮೇಲೆ ಹೂವು ಕಟ್ಟಿ ಜಾಗ ಮಾಡಿದ್ದರು. ನಾಲ್ವರು ಕುರ್ಚಿಯ ನಾಲ್ಕು ಕಾಲು ಹಿಡಿದು ಎತ್ತಿದರು. ಕುರ್ಚಿ ಹಿಂದಕ್ಕೆ ವಾಲಿತು. ಸೆಟೆದ ಎಡಗೈ ಮೇಲಕ್ಕೆ ಹೋಯಿತು.

ನೆಲದ ಮೇಲಿದ್ದ ಗೊಂಬೆ ಎದ್ದು ಕೂತಿತು.

ಮುಂದಿದ್ದ ಹೆಂಗಸರು ಚೀರಿ ಹಿಂದಕ್ಕೆ ಸರಿದರು. ಎತ್ತಿದವರಲ್ಲಿ ಒಬ್ಬ ಕೈ ಬಿಟ್ಟ, ಉಳಿದವರು ಹೇಗೋ ಕುರ್ಚಿಯನ್ನು ಜಗಲಿಯ ಅಂಚಿಗೆ ತಾಗಿಸಿ ತಡೆದರು. ಆ ಅಲುಗಾಟಕ್ಕೆ ವೈರ್ ಎಳೆಯಿತು. ಗೊಂಬೆಯ ಎಡಗೈ ನಿಧಾನವಾಗಿ ಮೇಲೆ ಬಂತು, ಅಂಗೈ ಮೇಲಾಗಿ, ಮುಖದ ಮಟ್ಟಕ್ಕೆ. ಅಂಗೈಯಲ್ಲಿ ಕಪ್ಪು ಬಣ್ಣ ಬಳಿದ ಮರದ ಪುಟ್ಟ ಲಿಂಗ. ಅದನ್ನು ನೋಡಲು ಗೊಂಬೆ ತಲೆ ಬಗ್ಗಿಸಬೇಕಿತ್ತು. ಬಗ್ಗಿಸಲಿಲ್ಲ. ಕುತ್ತಿಗೆಯನ್ನು ಬಲಭುಜಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ನೋಡಿತು.

ಆಮೇಲೆ ಒಬ್ಬೊಬ್ಬರೇ ಕಂಬದ ಕಡೆ ತಿರುಗಿದರು.

ಕಂಬಕ್ಕೊರಗಿದ ದಾಕ್ಷಾಯಣಿಯ ಕುತ್ತಿಗೆ ಬಲಕ್ಕೆ ವಾಲಿತ್ತು. ಮದುವೆಯಾದ ಹೊಸದರಲ್ಲಿ ರೈಲ್ವೆ ಗೇಟಿನ ಹತ್ತಿರ ಮೊಪೆಡ್ಡಿನಿಂದ ಬಿದ್ದವಳು. ಓಡಿಸುತ್ತಿದ್ದವನು ಕರಿಸಿದ್ದಪ್ಪ. ಅಂದಿನಿಂದ ಅವಳ ಕುತ್ತಿಗೆ ಮುಂದಕ್ಕೆ ಬಗ್ಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಂಗೈಯನ್ನೇ ಮುಖದವರೆಗೆ ಎತ್ತಿಕೊಂಡು, ಹೀಗೇ ವಾಲಿಸಿ, ಹೀಗೇ ನೋಡುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುವ ಗಂಡನನ್ನು, ಏನ್ರೀ ನೋಡ್ತೀರಾ, ಕೆಲಸ ಇಲ್ವಾ, ಎಂದು ಗದರಿ ಕಳಿಸುತ್ತಿದ್ದಳು.

ಯಲ್ಲಯ್ಯ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಯಾರೂ ಕೇಳದಿದ್ದರೂ ಹೇಳತೊಡಗಿದ. ಎಷ್ಟು ಬೈದರೂ ಕರಿಸಿದ್ದಪ್ಪ ಗೊಂಬೆ ಹೊತ್ತುಕೊಂಡು ತನ್ನ ಮನೆಗೆ ಬರುತ್ತಿದ್ದನಂತೆ. ಕಲಿತ ಕೈ ತಿದ್ದಲಾಗದೆ ಎಲ್ಲವೂ ಎಡಗೈಯವೇ. ನಿನ್ನ ರಾಜನೂ ಬೇಡ, ದೇವರೂ ಬೇಡ, ಎಡಗೈ ಎತ್ತಿದರೂ ತಪ್ಪಾಗದ ಆಟ ಒಂದೇ, ಲಿಂಗಪೂಜೆ ಮಾಡುವ ಶರಣೆಯದು ಎಂದು ಯಲ್ಲಯ್ಯನೇ ಒಮ್ಮೆ ಬೇಸರಕ್ಕೆ ಅಂದಿದ್ದನಂತೆ. ಅದನ್ನೇ ಹಿಡಿದುಕೊಂಡು ಹೋದವನು ಈ ಗೊಂಬೆಯನ್ನು ಮಾಡಿಕೊಂಡು ಬಂದ.

“ಎಲ್ಲಾ ಸರಿ ಐತೆ, ಕುತ್ತಿಗೆ ವಾಲೈತೆ, ನೆಟ್ಟಗೆ ಮಾಡು ಅಂದೆ ಕಣವ್ವ,” ಅಂದ ಯಲ್ಲಯ್ಯ. “ಯಾವತ್ತೂ ನನಗೆ ಎದುರಾಡಿದೋನಲ್ಲ. ಅವತ್ತು ಜಗಳಕ್ಕೇ ಬಂದ. ವಾಲಿರೋದೇ ಸರಿ, ಬೇಕಾದ್ರೆ ಆಡ್ಸಿ ಇಲ್ದಿದ್ರೆ ಬುಡಿ ಅಂದ.”

ದಾಕ್ಷಾಯಣಿ ಎದ್ದಳು. ಬಚ್ಚಲಿಗೆ ಹೋಗಿ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದಳು. ಬೆಳಿಗ್ಗೆ ಮೈ ತೊಳೆಯಲು ಕಾಯಿಸಿದ್ದ ನೀರು. ಸೆರಗು ಅದ್ದಿ ಗಂಡನ ಮುಷ್ಟಿಗೆ ಸುತ್ತಿದಳು, ಹಿಂಡಿ ಮತ್ತೆ ಸುತ್ತಿದಳು. ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳನ್ನು ಬಿಡಿಸಿದಳು. ಬಸವಪ್ರಭುವಿನ ಕೈಯಲ್ಲಿ ಪ್ಲೇಯರ್ ಹಾಗೇ ಇತ್ತು. ಹ್ಯಾಂಡಲ್ ಹಿಡಿ ಹೊರಗೆ ಬಂದಾಗ ಅಂಗೈಯಲ್ಲಿ ಅದರ ಗೀರುಗಳು ಅಚ್ಚೊತ್ತಿದ್ದವು. ಆ ಗೀರುಗಳ ಮೇಲೆ ಅಯ್ಯನವರು ಲಿಂಗವಿಟ್ಟು ಬಟ್ಟೆ ಕಟ್ಟಿದರು.

ಮಾಲಿನಿ ಗೊಂಬೆಯನ್ನು ಎತ್ತಿಕೊಂಡು ಯಲ್ಲಯ್ಯನ ಮುಂದೆ ಹಿಡಿದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಸಾವಿನ ಮನೆಯ ಗೊಂಬೆ ಪರದೆ ಮುಂದೆ ಬರುವ ಹಾಗಿಲ್ಲ, ತಮ್ಮಲ್ಲಿ ಅದನ್ನು ನೀರಿಗೆ ಬಿಡುತ್ತಾರೆ ಅಂದ. ಮಾರ್ಕೋನಹಳ್ಳಿ ಕೆರೆಗೆ ತಾನೇ ಬಿಡುತ್ತೇನೆ, ಪೂಜೆ ಮಾಡಿ ಬಿಡುತ್ತೇನೆ ಅಂದ. ಹೇಳುವಾಗ ಅವನಿಗೆ ಅಳು ಬಂತು. ಬೆಳಗಿನಿಂದ ದೊಡ್ಡಪ್ಪನ ಎದುರು ನಿಂತಿದ್ದ ಮಾಲಿನಿ ಈ ಮುದುಕನ ಮುಂದೆ ಚಾಚಿದ್ದ ಗೊಂಬೆಯನ್ನು ವಾಪಸ್ ತೋಳಿಗೆಳೆದುಕೊಂಡಳು.

“ನಮ್ಮಲ್ಲಿ ಸೂತಕ ಇಲ್ಲ,” ಅಂದಳು ದಾಕ್ಷಾಯಣಿ.

ಎಲ್ಲರೂ ಅವಳನ್ನು ನೋಡಿದರು. ಅವಳು ಅಯ್ಯನವರನ್ನು ನೋಡಿದಳು.

“ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ವರ್ಷಾ ವರ್ಷಾ ಮಠದಲ್ಲಿ ಭಾಷಣ ಮಾಡ್ತಾರಲ್ಲ ನಮ್ಮ ಭಾವನೋರು. ಹೌದೋ ಅಲ್ವೋ ಹೇಳಿ ಬುದ್ಧೀ.”

ಅಯ್ಯನವರು ಬಸವಪ್ರಭುವಿನ ಕಡೆ ಒಮ್ಮೆ ನೋಡಿ, ಇಲ್ಲ ತಾಯಿ, ಸೂತಕವಿಲ್ಲ ಅಂದರು. ಬೇರೇನು ಹೇಳುತ್ತಾರೆ.

ಯಲ್ಲಯ್ಯ ತಲೆ ಕೆರೆದುಕೊಂಡ. ಸೂತಕ ಇಲ್ಲವೆಂದೇ ಇಟ್ಟುಕೊಳ್ಳೋಣ, ಈ ಬ್ರೇಕ್ ವೈರಿನ ಲೆಕ್ಕ ಅದನ್ನು ಕಟ್ಟಿದವನಿಗೆ ಮಾತ್ರ ಗೊತ್ತಿತ್ತು, ತಮ್ಮ ಮೇಳದಲ್ಲಿ ಯಾರಿಗೂ ಬರುವುದಿಲ್ಲ, ಆಡಿಸುವವರು ಯಾರು ಎಂದ.

ದಾಕ್ಷಾಯಣಿ ಹ್ಯಾಂಡಲ್ ಹಿಡಿಯನ್ನು ತನ್ನ ಎಡಗೈಗೆ ತೆಗೆದುಕೊಂಡಳು. ಆಮೇಲೆ ದಿನಾ ಬೆಳಿಗ್ಗೆ ಎತ್ತುವಂತೆ ಕೈ ಎತ್ತಿದಳು. ಮಗಳ ತೋಳಿನಲ್ಲಿದ್ದ ಗೊಂಬೆ ಕೈ ಎತ್ತಿತು. ಅವಳು ಕುತ್ತಿಗೆ ವಾಲಿಸಿದಾಗ ಹಿಡಿಯೂ ಓರೆಯಾಗಿ, ಗೊಂಬೆಯೂ ವಾಲಿಸಿತು.

ಮುದುಕ ಹೋಗಿ ಲಗೇಜ್ ಆಟೋದ ಹಿಂಬಾಗಿಲು ತೆಗೆದ.

“ಅಮ್ಮ, ಅಪ್ಪನ್ನ ಇನ್ನೂ ಎತ್ತಿಲ್ಲ,” ಅಂದಳು ಮಾಲಿನಿ. ಗೊಂಬೆ ಉಳಿಯಲಿ ಎಂದು ಕೂಗಾಡಿದವಳೇ ಈಗ ಗೊಂಬೆಯನ್ನು ಕೊಡಲು ಹಿಂಜರಿದಳು.

“ನೀನಿದೀಯ, ಎತ್ತು.”

“ಕೊನೇಲಿ ಮುಖ ನೋಡಲ್ವಾ?”

“ಬೆಳಿಗ್ಗೆ ಎಲ್ಲರಿಗಿಂತ ಮೊದ್ಲು ನೋಡಿದೋಳು ನಾನೇ ಕಣೇ. ಸಾಕು ಬುಡು.” ಗೊಂಬೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಸೊಂಟದ ಮೇಲಿಟ್ಟಳು.

ಬಸವಪ್ರಭು ಗೇಟಿಗೆ ಅಡ್ಡ ನಿಂತ. ಊರು ಏನನ್ನುತ್ತದೆ, ಮಠದವರು ಏನನ್ನುತ್ತಾರೆ, ಗಂಡನ ಮಣ್ಣಾಗುವ ಮೊದಲೇ ಗೊಂಬೆಯಾಡಿಸಲು ಹೋದವಳು ಎಂದು ಉಗಿಯುವುದಿಲ್ಲವೇ ಎಂದು ಕೇಳಿದ. ಅವಳು ನಿಲ್ಲಲಿಲ್ಲ. ಕೊನೆಗೆ, “ಈ ಗೇಟು ದಾಟಿದ್ರೆ ವಾಪಸ್ ಬರಬೇಡ,” ಅಂದ.

ಅವಳು ದಾಟಿದಳು. ಆಟೋದ ಹಿಂದೆ, ಮೇಳದ ರಾಜರು ರಾಕ್ಷಸರ ನಡುವೆ ಜಾಗ ಮಾಡಿಕೊಂಡು ಕೂತಳು. ಆಟೋ ಕುಣಿಗಲ್ ಕಡೆ ಹೊರಟಿತು.

ಹೊತ್ತು ಮುಳುಗುವ ಮೊದಲು ಕರಿಸಿದ್ದಪ್ಪನನ್ನು ಎತ್ತಿದರು. ಮಾಲಿನಿ ಒಂದು ಕಡೆ ಹೆಗಲು ಕೊಟ್ಟಳು, ಯಾರೂ ಬೇಡ ಅನ್ನಲಿಲ್ಲ. ಗುಣಿಯ ಹತ್ತಿರ ಅಯ್ಯನವರು, ಹೆಂಡತಿ ಬರಲಿ ಎಂದು ಸ್ವಲ್ಪ ಹೊತ್ತು ಮಂತ್ರವನ್ನು ಎಳೆದರು. ರಸ್ತೆಯಲ್ಲಿ ಯಾರೂ ಬರಲಿಲ್ಲ. ವಿಭೂತಿ ಸುರಿದು ಮಣ್ಣು ಎಳೆದರು.

ಮನೆಗೆ ಮರಳಿದ ಮೇಲೆ ಸ್ನಾನಕ್ಕೆ ಮೊದಲು ಹೋದವನು ಬಸವಪ್ರಭು. ಅಂಗಿ ಕಳಚಿ ಗೂಟಕ್ಕೆ ಹಾಕಿ, ಹಂಡೆಗೆ ಚೊಂಬು ಅದ್ದಿದ. ತಣ್ಣಗಿತ್ತು. ಬಗ್ಗಿ ನೋಡಿದರೆ ಒಲೆಯಲ್ಲಿ ಬೆಳಗಿನ ಬೂದಿ, ಪಕ್ಕದಲ್ಲಿ ಯಾರೂ ಒಟ್ಟದೆ ಬಿಟ್ಟ ತೆಂಗಿನ ಗರಿ.

“ದಾಕ್ಷಾಯಣೀ, ನೀರು,” ಎಂದು, ಈ ಮನೆಗೆ ಬಂದಾಗಲೆಲ್ಲ ಕೂಗುವ ಅಭ್ಯಾಸದಿಂದ ಕೂಗಿದ.

ಇನ್ನೊಮ್ಮೆ ಕೂಗಲು ಬಾಯಿ ತೆರೆದವನು ಕೂಗಲಿಲ್ಲ. ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡ.