ಒಂದು ಮೊಳ ಹೆಚ್ಚು

"ಅವಳಿಗೆ ಬ್ಯಾಡ," ಎಂದು ಶಾಂತವೀರಪ್ಪ ಮಗಳ ಮುಂದಿದ್ದ ಮಂಡಕ್ಕಿ ಮೆಣಸಿನಕಾಯಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಟ್ಟೆ ತಂದಿಟ್ಟ ಯರ್ರಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಅಲ್ಲೇ ನಿಂತಳು. ತನ್ನ ಮನೆಗೆ ಬಂದವರ ಮುಂದಿನ ತಟ್ಟೆಯನ್ನು ಯಾರೂ ಹೀಗೆ ಕಿತ್ತುಕೊಂಡಿದ್ದನ್ನು ಅವಳು ಕಂಡಿರಲಿಲ್ಲ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಅಪ್ಪ ಮಗಳು ಬಂದದ್ದು ಧಾರೆ ಸೀರೆ ನೇಯಲು ಹೇಳುವುದಕ್ಕೆ. ಯರ್ರಮ್ಮನ ಗಂಡ ತಿಪ್ಪಯ್ಯನ ಮಗ್ಗದ್ದೇ ಆಗಬೇಕು, ಅದು ಅವರ ಮನೆಯ ಪದ್ಧತಿ. ಗಂಡಿನ ಕಡೆಯವರು ಒಪ್ಪಿದ್ದರು. ಆದರೆ ಮದುವೆಯೊಳಗೆ ಹುಡುಗಿ ಹತ್ತು ಕೆಜಿ ಇಳಿಯಬೇಕೆಂದಿದ್ದರು. ಅಂದಿನಿಂದ ತ್ರಿವೇಣಿಗೆ ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಬರೀ ಮಜ್ಜಿಗೆ. ಕಳೆದ ವಾರ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು ತಲೆ ಸುತ್ತಿ ಬಿದ್ದಳು. ಡಾಕ್ಟರು, "ಈ ಮೈ ವಂಶದಿಂದ ಬಂದಿರೋದು, ಉಪವಾಸ ಕೆಡವಿ ಕೊಲ್ಲಬೇಡಿ," ಎಂದರೆ ಶಾಂತವೀರಪ್ಪ ನಕ್ಕುಬಿಟ್ಟರು. ಅವರದು ಕಡ್ಡಿ ಮೈ, ಎಷ್ಟು ತಿಂದರೂ ಹತ್ತುವುದಿಲ್ಲ. ಅಂಥವರಿಗೆ ಇನ್ನೊಬ್ಬರ ಹೊಟ್ಟೆಗೆ ಬುದ್ಧಿ ಹೇಳುವುದು ಬಹಳ ಸುಲಭ.

ತಿಪ್ಪಯ್ಯ ಮಗ್ಗದ ಗುಂಡಿಯಿಂದ ಎದ್ದು ಬಂದ. "ಬಣ್ಣ ಆಯ್ತು, ಅಂಚಾಯ್ತು. ಉದ್ದ ನಿಮ್ಮನೆ ಅಳತೇನೇ ಅಲ್ವಾ ಸಾವ್ಕಾರ್ರೇ?"

"ನಮ್ಮನೆ ಅಳತೆ ಅಂದ್ರೆ?"

"ನಿಮ್ಮವ್ವಾರಿಗೆ ನಮ್ಮಪ್ಪ ಯಾವಾಗ್ಲೂ ಒಂದು ಮೊಳ ಹೆಚ್ಚಿಗೆ ನೇಯ್ತಿದ್ದ. ಇಲ್ಲಾಂದ್ರೆ ನೆರಿಗೆಗೆ ಸಾಲ್ತಿರಲಿಲ್ಲ. ನಿಮ್ಮ ಅಕ್ಕಾರಿಗೆ ನಾನೇ ನೇಯ್ದೀನಿ, ಅದೂ ಹಂಗೇ. ಈ ಅಮ್ಮಾಯೀನ ನೋಡಿದ್ರೆ ಅವ್ವಾರೇ ನಡ್ಕಂಡು ಬಂದಂಗಾಯ್ತು."

"ಮಾಮೂಲಿ ಉದ್ದ ಸಾಕು," ಶಾಂತವೀರಪ್ಪ ಗದರಿದರು. "ಮದುವೆ ಹೊತ್ತಿಗೆ ಇಳೀತಾಳೆ. ಬಾಯಿ ಕಟ್ಟಿದ್ರೆ ಎಲ್ಲಾ ಇಳೀತೈತೆ."

ತ್ರಿವೇಣಿಗೆ ಮೈಯೆಲ್ಲ ಉರಿಯಿತು. ಅಜ್ಜಿ ಒಪ್ಪೊತ್ತು ಉಂಡು ಆರು ಮಕ್ಕಳನ್ನು ಸಾಕಿದಳೆಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳಿ ಕಣ್ಣೊರೆಸಿಕೊಳ್ಳುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು.

"ಅಪ್ಪಾ, ಅಜ್ಜಿ ಬಾಯಿ ಕಟ್ಟಿರಲಿಲ್ಲೇನು?"

ಅವರು ಮಗ್ಗದ ಕಡೆಗೆ ಮುಖ ತಿರುಗಿಸಿದರು.

"ಒಪ್ಪೊತ್ತು ಉಂಡ್ಲು ಅಂತ ನೀನೇ ಹೇಳ್ತೀಯ. ಮತ್ತೆ ಈ ಒಂದು ಮೊಳ ಎಲ್ಲಿಂದ ಬಂತು? ಅದೇ ಮೈ ಹೊತ್ಕಂಡು ಅವಳು ಶರಣೆ ಆದ್ಲು, ನಾನು ಹೊಟ್ಟೆಬಾಕಿ ಆದ್ನಾ?"

"ದನಿ ತಗ್ಗಿಸು. ಬ್ಯಾರೆಯವರ ಮನೆ ಇದು."

"ತಟ್ಟೆ ಕಿತ್ಕಳ್ಳುವಾಗ ಬ್ಯಾರೆಯವರ ಮನೆ ಆಗಿರಲಿಲ್ಲೇನು? ಹತ್ತು ಕೆಜಿ ಇಳಿಯಲ್ಲ ಅಂತ ಅವರಿಗೆ ಇವತ್ತೇ ಫೋನ್ ಮಾಡು. ಅವರು ಬ್ಯಾಡಾಂದ್ರೆ ಬ್ಯಾಡ. ಸೀರೆ ಉಟ್ಕಂಡು ನಾನು ಸ್ಕೂಲಿಗೆ ಹೋಗ್ತೀನಿ."

ಯರ್ರಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಳು. ಬಿಸಿ ಮೆಣಸಿನಕಾಯಿ ಬಜ್ಜಿ ಇನ್ನೂ ಎಣ್ಣೆ ಬಿಡುತ್ತಿತ್ತು. ಅದನ್ನು ತ್ರಿವೇಣಿಯ ಮುಂದಿಟ್ಟು, ಶಾಂತವೀರಪ್ಪನವರ ಕಡೆ ನೋಡದೆ ಪಕ್ಕದಲ್ಲೇ ಕೂತಳು. ತ್ರಿವೇಣಿ ಬಾಯಿ ಸುಟ್ಟರೂ ಬಿಡದೆ ತಿಂದಳು. ಶಾಂತವೀರಪ್ಪನವರ ಎರಡೂ ಕೈ ಮಡಿಲಲ್ಲೇ ಇದ್ದವು, ಎಳೆದುಕೊಂಡ ತಟ್ಟೆ ಹಾಗೆಯೇ ಉಳಿದಿತ್ತು.

ತಿಪ್ಪಯ್ಯ ದಾರ ಹಿಡಿದು ಮೊಳ ಹಾಕತೊಡಗಿದ. ಮಾಮೂಲಿ ಉದ್ದ ಮುಗಿದಾಗ ತಲೆಯೆತ್ತಿ ಸಾವ್ಕಾರರ ಮುಖ ನೋಡಿದ. ಸ್ವಲ್ಪ ಹೊತ್ತು ಕಾದ. ಆಮೇಲೆ ದಾರದ ಮೇಲೆ ಇನ್ನೊಮ್ಮೆ ಮೊಳಕೈ ಊರಿ, ಬೆರಳ ತುದಿಯಲ್ಲಿ ಗಂಟು ಹಾಕಿದ.