ಗೋಲ್ ತೊಲೆಯ ಕುಳಿ

ಬೈಶಾಖದ ಮೊದಲ ಬೆಳಿಗ್ಗೆ ಹುಲ್ಲಿಗೆ ನೀರು ಬಿಡುತ್ತ ನಿಂತಿದ್ದ ಗದಾಧರ ಜೆನಾನಿಗೆ ಎಂದಿನಂತೆ ಆ ಪಂದ್ಯ ಕಾಣಿಸಿತು. ಅವನು ಹುಟ್ಟುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ಆಡಿ ಮುಗಿದ ಪಂದ್ಯ. ಆದರೇನು, ನಲವತ್ತೆರಡು ವರ್ಷ ಒಂದೇ ಕತೆ ಕೇಳಿದ ಕಿವಿಗೆ ಕೊನೆಗೆ ಕಣ್ಣೂ ಬಂದುಬಿಡುತ್ತದೆ. ಗಂಗೆಯ ಕಡೆಯಿಂದ ತೇಲಿ ಬರುವ ಮಬ್ಬಿನಲ್ಲಿ ಬೂಟು ತೊಟ್ಟ ಬಿಳಿ ಸಿಪಾಯಿಗಳು ಒಂದು ಕಡೆ, ಬರಿಗಾಲಿನ ಹನ್ನೊಂದು ಮಂದಿ ಇನ್ನೊಂದು ಕಡೆ. ಕೊನೆಯ ನಿಮಿಷ. ಅಬಿನಾಶ್ ಸರಖೇಲ್ ಒದ್ದ ಚೆಂಡು ಗೋಲಿನ ಮೇಲ್ತೊಲೆಗೆ ಧಡ್ಡನೆ ಬಡಿದು, ಕೆಳಗೆ ಬಿದ್ದು, ಗೆರೆಯ ಒಳಗೆ ಪುಟಿಯುತ್ತದೆ. ಕುಮಾರಪಾಡಾ ಸ್ಪೋರ್ಟಿಂಗ್ ಒಂದು, ಪಲ್ಟಣ ಸೊನ್ನೆ. ಆಮೇಲೆ ಮಬ್ಬು ಹರಿಯುತ್ತದೆ. ಎಲ್ಲೋ ಟ್ರಾಮಿನ ಗಂಟೆ ಕೇಳುತ್ತದೆ, ಬೇಲಿಯಾಚೆ ಪೊಲೀಸರ ಕುದುರೆ ಸೀನುತ್ತದೆ.

ಆ ಒಂದು ಗೋಲು ಬಿಟ್ಟರೆ ಕುಮಾರಪಾಡಾದ ನೂರು ವರ್ಷದ ಇತಿಹಾಸದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ದೊಡ್ಡ ಕ್ಲಬ್ಬುಗಳ ಕೈಯಲ್ಲಿ ಸೋಲುವುದನ್ನು ಅದು ಮರ್ಯಾದೆಯಿಂದ ಮಾಡಿಕೊಂಡು ಬಂದಿತ್ತು, ಅಷ್ಟೆ. ಆದರೆ ಬೈಶಾಖ ಹುಟ್ಟುವ ಬಂಗಾಳಿ ಹೊಸ ವರ್ಷದ ದಿನ ಅದು ಯಾರಿಗೂ ಬಗ್ಗುತ್ತಿರಲಿಲ್ಲ. ಅವತ್ತು ಕಲ್ಕತ್ತೆಯ ಮೈದಾನದಲ್ಲಿ ಎಲ್ಲ ಕ್ಲಬ್ಬಿನವರೂ ಗೋಲಿನ ಮೇಲ್ತೊಲೆಗೆ ಪೂಜೆ ಮಾಡುತ್ತಾರೆ. ಉಳಿದವರದ್ದು ಕಬ್ಬಿಣದ ಕೊಳವೆ. ಕುಮಾರಪಾಡಾದ್ದು ಮಾತ್ರ ಮೂವತ್ತೇಳನೇ ಇಸವಿಯ ಅದೇ ಮರದ ತೊಲೆ, ಎಂಟು ಗಜ ಉದ್ದ, ನಡುವಿನಲ್ಲಿ ಚೆಂಡು ಬಡಿದ ಕುಳಿ. ವರ್ಷವಿಡೀ, ಡೇರೆ ಎಂದೇ ಕರೆಯುವ ಕ್ಲಬ್ಬಿನ ಮನೆಯ ಸೂರಿನಡಿ ಮಲಗಿರುವ ಅದನ್ನು ಅವತ್ತು ಕೆಳಗಿಳಿಸಿ, ಎಣ್ಣೆ ತಿಕ್ಕಿ, ಸಿಂಧೂರ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುವುದು ಮಾಲಿ ಗದಾಧರನ ಕೆಲಸ.

ಅದು ಅದೇ ತೊಲೆ ಅಲ್ಲ ಎಂದು ಭೂಮಿಯ ಮೇಲೆ ಗೊತ್ತಿದ್ದದ್ದೂ ಗದಾಧರನೊಬ್ಬನಿಗೇ. ಹಾಗಂತ ಅವನು ನಂಬಿದ್ದ.

"ಗದಾದಾ, ಹತ್ತಕ್ಕೆ ಪೂಜೆ ಮುಗೀಬೇಕು," ಎನ್ನುತ್ತ ಕಾರ್ಯದರ್ಶಿ ಮೈನಾಕ್ ಬಂದ. "ಹನ್ನೊಂದಕ್ಕೆ ಮ್ಯೂಸಿಯಂನವರು ಬರ್ತಾರೆ. ಜೊತೆಗೆ ಮರದ ವಯಸ್ಸು ಹೇಳೋ ಮೇಡಂ ಒಬ್ರು. ಚೂರು ಕೆರೆದು ನೋಡಿದ್ರೆ ಸಾಕಂತೆ, ಯಾವ ಮರ, ಯಾವ ಕಾಲದ್ದು, ಎಲ್ಲಾ ಗೊತ್ತಾಗುತ್ತಂತೆ. ಗಾಜಿನ ಪೆಟ್ಟಿಗೆ ಆಗ್ಲೇ ತಯಾರಾಗಿದೆ."

"ಕೆರೀಲೇಬೇಕಾ?"

"ಯಾಕೆ, ನಿಂಗೇನು ನೋವಾಗುತ್ತಾ?" ಮೈನಾಕ್ ನಗುತ್ತ ಹೊರಟುಹೋದ.

ಗದಾಧರನ ಕೈಯ ಪೈಪು ಒಂದೇ ಕಡೆ ನೀರು ಸುರಿಯತೊಡಗಿತು. ಎಪ್ಪತ್ತೆಂಟರ ಪ್ರವಾಹದಲ್ಲೂ ನೀರು ಹೀಗೇ ಸದ್ದಿಲ್ಲದೆ ಬಂದಿತ್ತು. ಆಗ ಅವನಿಗೆ ಇಪ್ಪತ್ತು. ಒಡಿಶಾದಿಂದ ಬಂದು ವರ್ಷವಾಗಿತ್ತು. ಹನ್ನೊಂದು ಮಂದಿ ಆಟಗಾರರು ಡೇರೆಯಲ್ಲಿ ಸಿಕ್ಕಿಬಿದ್ದಿದ್ದರು, ಗೋಲ್‌ಕೀಪರ್‌ಗೆ ಮೈ ಸುಡುವ ಜ್ವರ. ಅಕ್ಕಿ ಬೇಳೆ ಇತ್ತು, ಸೀಮೆಎಣ್ಣೆ ಮುಗಿದಿತ್ತು, ಬೆಂಚು ಕುರ್ಚಿಗಳೆಲ್ಲ ನೀರಲ್ಲಿ ನೆನೆದು ಕೂತಿದ್ದವು. ಮೂರನೆಯ ಮಧ್ಯಾಹ್ನ ಎಲ್ಲರೂ ದೋಣಿ ಬರುತ್ತದೋ ಎಂದು ಜಗಲಿಯಲ್ಲಿ ಕಾಯುತ್ತಿದ್ದಾಗ ಗದಾಧರ ತಲೆಯೆತ್ತಿ ನೋಡಿದ. ಇಡೀ ಡೇರೆಯಲ್ಲಿ ಒಣಗಿದ್ದ ಮರ ಅದೊಂದೇ. ಕೈಮುಗಿದು, ಕೊಡಲಿ ಎತ್ತಿಕೊಂಡ. ಅವತ್ತು ಎಲ್ಲರೂ ಬಿಸಿ ಖಿಚಡಿ ಉಂಡರು.

ಆಮೇಲೆ ಗಂಗೆಯ ದಂಡೆಯಲ್ಲಿ ಒಡೆದುಹಾಕಿದ್ದ ಹಳೆಯ ದೋಣಿಯೊಂದರ ಹಾಯಿ ಕಟ್ಟುವ ಕೂವೆಮರ ತಂದ. ದುರ್ಗಾಪೂಜೆ ಹತ್ತಿರವಾಗಿ ಊರ ತುಂಬ ಚಪ್ಪರದ ಬಿದಿರು ಹೊತ್ತವರೇ ಓಡಾಡುತ್ತಿದ್ದುದರಿಂದ ಯಾರೂ ತಿರುಗಿ ನೋಡಲಿಲ್ಲ. ಕೆತ್ತಿದ, ಉಜ್ಜಿದ, ಎಣ್ಣೆ ಕುಡಿಸಿದ. ರುಬ್ಬುಗುಂಡಿಗೆ ಗೋಣಿ ಸುತ್ತಿ ಬಡಿದು ಬಡಿದು ಕುಳಿ ಮಾಡಿದ. ಮರುವರ್ಷ ಅಬಿನಾಶ್‌ಬಾಬುವಿನ ಮಗ ನೀರದಬರಣ್‌ಬಾಬು ಎಂದಿನಂತೆ ಬಂದು ಆ ಕುಳಿಯಲ್ಲಿ ಹೆಬ್ಬೆರಳಿಟ್ಟು, "ಇಲ್ಲೇ," ಎಂದಾಗ ಗದಾಧರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಆ ಸಂಕಟ ಪ್ರತಿ ಬೈಶಾಖಕ್ಕೂ ತಪ್ಪದೆ ಬಂತು. ಇವತ್ತು ಹೊರಗಿನವರು ಬಂದು ಎಲ್ಲರೆದುರು ಅದನ್ನು ಕೆರೆದು ತೆಗೆಯುತ್ತಾರೆ. ತನ್ನ ಮಾನ ಹೋದರೆ ಹೋಗಲಿ. ಆದರೆ ಕೇಡಿಗರ ಬಾಯಿ ಸುಮ್ಮನಿರುತ್ತದೆಯೇ? ತೊಲೆಯೇ ಸುಳ್ಳಾದರೆ ಗೋಲೂ ಸುಳ್ಳೇ ಅನ್ನುತ್ತಾರೆ. ನೀರದಬರಣ್‌ಬಾಬುವಿನ ಅಪ್ಪನನ್ನು ತಾನೇ ಕೊಂದಂತೆ ಆಗುತ್ತದೆ.

ಒಂಬತ್ತಕ್ಕೆ ಟ್ಯಾಕ್ಸಿ ಬಂತು. ಎಂಬತ್ತನಾಲ್ಕರ ನೀರದಬರಣ್‌ಬಾಬುವಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಅರಳೀಮರದ ನೆರಳಿನಲ್ಲಿ ಬೆತ್ತದ ಕುರ್ಚಿಗೆ ಕೂರಿಸಿದ ಗದಾಧರ, ಹೋಗದೆ ಅಲ್ಲೇ ನಿಂತ.

"ಬಾಬು, ಒಂದು ಮಾತು."

"ಹೇಳೋ."

"ಆ ತೊಲೆ... ಅದು ಅದಲ್ಲ ಬಾಬು. ಹಳೇದನ್ನ ನಾನು ಪ್ರವಾಹದ ವರ್ಷ ಒಲೆಗೆ ಹಾಕ್ಬಿಟ್ಟೆ."

ಎಲೆಗಳು ಅಲುಗುತ್ತಿದ್ದವು. ಮುದುಕನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಗದಾಧರ ಹೆದರಿದ. ನೋಡಿದರೆ ನಗು.

"ನಿನ್ನ ಖಿಚಡೀಲಿ ಉಪ್ಪೇ ಇರ್ಲಿಲ್ಲ ಕಣೋ. ಮೂರು ತಟ್ಟೆ ತಿಂದೆ ನಾನು."

"ನಿಮ್ಗೆ... ಆ ದಿನಾನೇ ಗೊತ್ತಾಗಿತ್ತಾ?"

"ದೋಣಿ ತಗೊಂಡು ಬಂದೋನು ಯಾರು, ನಿನ್ನ ಮಾವನಾ? ಡೇರೆ ಒಳಗೆ ಕಾಲಿಟ್ರೆ ದೇವಸ್ಥಾನದ ವಾಸನೆ. ಎಣ್ಣೆ, ಸಿಂಧೂರ, ಧೂಪ. ನಲವತ್ತೊಂದು ಪೂಜೆ ಕಂಡಿದ್ದ ಮರ ಅದು. ನಿನಗಿಂತ ಮೊದಲು ಅದಕ್ಕೆ ಎಣ್ಣೆ ತಿಕ್ತಿದ್ದೋನು ನಾನೇ. ನಂಗೆ ಗೊತ್ತಾಗಲ್ವೇನೋ ಪೆದ್ದ?"

ಗದಾಧರ ಅಲ್ಲೇ ನೆಲದ ಮೇಲೆ ಕೂತ. "ಹಂಗಾದ್ರೆ ವರ್ಷಾ ವರ್ಷಾ ಬೆರಳಿಟ್ಟು 'ಇಲ್ಲೇ' ಅಂತಿದ್ರಲ್ಲ!"

"ಮತ್ತಿನ್ನೇನು ಮಾಡ್ಲಿ? ಪಾಪ, ಅಷ್ಟು ಕಷ್ಟಪಟ್ಟು ಕುಳಿ ಮಾಡಿದ್ದೀಯ. ಬೆರಳಿಡದೆ ಹೋದ್ರೆ ನಿಂಗೆ ಬೇಜಾರಾಗಲ್ವಾ? ನಿಜ ಹೇಳ್ಲಾ, ಹಳೇ ಕುಳಿ ಚಿಕ್ಕದಾಗಿತ್ತು. ಇದು ನನ್ನ ಬೆರಳಿಗೆ ಸರಿಯಾಗಿ ಕೂರುತ್ತೆ."

ಗದಾಧರನಿಗೆ ಅಳು ಬಂತು. ಅತ್ತ. ನಲವತ್ತೊಂದು ವರ್ಷದ ಭಾರ ಇಳಿದದ್ದಕ್ಕೋ, ಅಷ್ಟೂ ವರ್ಷ ಒಬ್ಬನೇ ಹೊತ್ತೆನಲ್ಲ ಎಂಬ ಸಿಟ್ಟಿಗೋ, ಅವನಿಗೇ ತಿಳಿಯಲಿಲ್ಲ.

"ಅಪ್ಪನ ಗೋಲು ಅಪ್ಪನ ಕಾಲಲ್ಲಿತ್ತು, ಮರದಲ್ಲಲ್ಲ," ಎಂದರು ಮುದುಕ. "ಈ ತೊಲೆಗೂ ಇವತ್ತಿಗೆ ನಲವತ್ತೊಂದು ಪೂಜೆ ಆಗುತ್ತೆ, ಅದಕ್ಕಿಂತ ಇದೇನು ಕಮ್ಮಿ? ಒಂದೇ ಕೊರತೆ. ಇದಕ್ಕೆ ಒಂದ್ಸಲಾನೂ ಚೆಂಡು ತಾಗಿಲ್ಲ. ಕರಿ ಆ ಮೈನಾಕ್‌ನ."

ಪೂಜೆ ಮುಗಿದ ಮೇಲೆ ನೀರದಬರಣ್‌ಬಾಬು ಎಲ್ಲರೆದುರೇ ಹೇಳಿದರು: ಇದು ದೋಣಿಯ ಮರ, ಹಳೆಯದನ್ನು ನಾವೇ ಬೇಯಿಸಿಕೊಂಡು ಉಂಡೆವು, ಅದನ್ನೂ ಇತಿಹಾಸದಲ್ಲಿ ಬರೀರಿ. ಮೈನಾಕನ ಮುಖ ಸಪ್ಪೆಯಾಯಿತು. "ದೊಡ್ಡಪ್ಪಾ, ಈಗ ಮ್ಯೂಸಿಯಂನವರಿಗೆ ಏನಂತ ಹೇಳ್ಲಿ?" ಎಂದು ಅವರ ಕುರ್ಚಿಯ ಬಳಿ ಬಗ್ಗಿದ.

"ಸಂದೇಶ್ ಮಿಠಾಯಿ ಕೊಟ್ಟು ಕಳಿಸು. ತೊಲೆನ ಗೋಲಿಗೆ ಏರಿಸು. ಗದಾ, ನೀನು ಒದಿ."

ಗದಾಧರ ಕಕ್ಕಾಬಿಕ್ಕಿಯಾದ. ನಲವತ್ತೆರಡು ವರ್ಷ ಈ ಹುಲ್ಲನ್ನು ಸಾಕಿದವನು ಅದರ ಮೇಲೆ ಒಮ್ಮೆಯೂ ಚೆಂಡು ಮುಟ್ಟಿರಲಿಲ್ಲ. ಚಪ್ಪಲಿಯನ್ನಂತೂ ಎಂದಿನಂತೆ ಗೆರೆಯ ಆಚೆಗೇ ಬಿಟ್ಟಿದ್ದ. ಹತ್ತು ಮಂದಿ ಸೇರಿ ಎರಡು ಕಂಬಗಳ ಮೇಲೆ ತೊಲೆ ಕೂರಿಸಿದರು. ಚೆಂಡುಹೂವಿನ ಮಾಲೆ ಗಾಳಿಗೆ ತೂಗಿತು.

ಮೊದಲ ಒದೆತಕ್ಕೆ ಚೆಂಡು ಲಿಂಬೆ ಶರಬತ್ತಿನ ಗಾಡಿಯ ಕಡೆ ಹೋಯಿತು. ಎಲ್ಲರೂ ಘೊಳ್ಳೆಂದರು. ಎರಡನೆಯದು ಪುರೋಹಿತರ ಪಾದಕ್ಕೆ ಶರಣಾಯಿತು.

"ಇನ್ನೂ ನಾಲ್ಕು ಕ್ಲಬ್ಬಿನ ಪೂಜೆ ಬಾಕಿ ಇದೆ ನಂಗೆ, ಬೇಗ ಮುಗಿಸಪ್ಪ!" ಎಂದು ಪುರೋಹಿತರು ಗೊಣಗಿದರು.

"ಮತ್ತೆ," ಎಂದರು ಮುದುಕ, ಕಿವಿ ಗೋಲಿನತ್ತ ತಿರುಗಿಸಿ.

ಮೂರು. ನಾಲ್ಕು. ನಗು ನಿಂತಿತು. ಒಂದು ಮೋಡ ಬಿಸಿಲಿಗೆ ಅಡ್ಡ ಬಂದು ಹುಲ್ಲೆಲ್ಲ ಮಬ್ಬಾಯಿತು. ಆ ಮಬ್ಬಿನಲ್ಲಿ ಬೂಟಿನವರೂ ಬರಿಗಾಲಿನವರೂ ಆಟ ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು, ತನ್ನನ್ನೇ ನೋಡುತ್ತಿರುವುದು ಗದಾಧರನಿಗೆ ಕಂಡಿತು. ಅಬಿನಾಶ್‌ಬಾಬು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಮತ್ತೆ."

ಏಳನೆಯದೋ ಎಂಟನೆಯದೋ ಇರಬೇಕು. ಧಡ್!

ತೊಲೆ ನಡುಗಿತು. ಸಿಂಧೂರದ ಪುಡಿ ಉದುರಿ ಹುಲ್ಲು ಕೆಂಪಾಯಿತು. ಚೆಂಡು ಒಳಗೆ ಬಿತ್ತೋ ಹೊರಗೋ ಯಾರೂ ನೋಡಲಿಲ್ಲ. ಎಲ್ಲರೂ ಕುರುಡು ಮುದುಕನ ಕಡೆ ತಿರುಗಿದ್ದರು. ಅವರು ಹೆಬ್ಬೆರಳನ್ನು ಮೇಲೆತ್ತಿ ಗಾಳಿಯಲ್ಲಿ ಒತ್ತಿದರು.

"ಇಲ್ಲೇ."

ಗದಾಧರ ತನ್ನ ಬಲಗಾಲನ್ನು ನೋಡಿಕೊಂಡ. ಹೆಬ್ಬೆರಳ ಉಗುರು ಕಿತ್ತು ರಕ್ತ ಬರುತ್ತಿತ್ತು.